ಆ ಎಂಜಿನ್ ಬಿಚ್ಚಲೇಬೇಕು

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದ ಅಕ್ಕನನ್ನು ಬೈದುಕೊಂಡಿರುತ್ತೀಯ, ಬೈದುಕೋ. ಆಸ್ಪತ್ರೆಯ ದೊಡ್ಡ ಜನರೇಟರ್ ಕೈಕೊಟ್ಟಿತ್ತು, ರಿಪೇರಿ ಮುಗಿಯುವವರೆಗೆ ಅದರ ಹೊಟ್ಟೆಯೊಳಗೇ ನನ್ನ ಸಂಸಾರವಾಗಿತ್ತು. ನಿನ್ನ ಕೆಮ್ಮು ಹೇಗಿದೆ? ಮಗಳ ಹಲ್ಲಿನ ತಂತಿ ತೆಗೆಸಿದಿರಾ? ನಾನು ಚೆನ್ನಾಗಿದ್ದೇನೆ. ಬರೀ ಚೆನ್ನಾಗಿಲ್ಲ, ಬಹಳ ಖುಷಿಯಾಗಿದ್ದೇನೆ. ಯಾಕೆ ಅಂತ ಕೇಳು.

ಅಪ್ಪನ ಕಾರಿನ ಹೊದಿಕೆ ತೆಗೆದಿದ್ದಾರೆ.

ಅಣ್ಣ ಗ್ಯಾರೇಜನ್ನು ದೊಡ್ಡ ರಸ್ತೆಯ ಹೊಸ ಕಟ್ಟಡಕ್ಕೆ ಸಾಗಿಸುತ್ತಿರುವುದು ನಿನಗೆ ಗೊತ್ತು. ಹಿಂದಿನ ಮೂಲೆಯಲ್ಲಿ ಇಷ್ಟು ವರ್ಷ ಧೂಳು ತಿಂದ ಆ ಕಾರು ಹೊಸ ಗ್ಯಾರೇಜಿನ ಬಾಗಿಲಿಗೆ ತಾನೇ ಓಡಿಕೊಂಡು ಬಂದು ನಿಲ್ಲಬೇಕಂತೆ. ಕಾರು ನಮ್ಮ ಮೂವರ ಹೆಸರಿನಲ್ಲಿ ಇರುವುದರಿಂದ ನಮ್ಮಿಬ್ಬರ ಒಪ್ಪಿಗೆಯೂ ಬೇಕಂತೆ. ಅಣ್ಣ ನನ್ನ ಮನೆಯವರೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಚಹಾ ಆರುವವರೆಗೂ ಲೋಟವನ್ನು ತಿರುಗಿಸಿದ.

"ಕಂಪನಿಯವರು ರೀಕಂಡಿಷನ್ ಎಂಜಿನ್ ಕೊಡ್ತಾರೆ ಕಣೇ. ನಮ್ಮದನ್ನ ಹಾಗೇ ಅವರಿಗೆ ಕೊಟ್ಟುಬಿಡೋದು, ಅವರದ್ದನ್ನ ಕೂರಿಸೋದು. ಗ್ಯಾರಂಟೀನೂ ಇದೆ. ಹಳೇದನ್ನ ಬಿಚ್ಚಿ, ಸವೆದ ಸಿಲಿಂಡರ್ ಕೊರೆಸಿ ಬೋರಿಂಗ್ ಮಾಡ್ಸಿ, ಸಿಗದೇ ಇರೋ ಸಾಮಾನು ಹುಡುಕಿಕೊಂಡು ಯಾಕೆ ಒದ್ದಾಡೋದು?"

ನೋಡಿದೆಯಾ! ಕೆಟ್ಟ ಮಿಕ್ಸಿಯನ್ನೂ ಬಿಡದೆ ಬಿಚ್ಚಿ ನೋಡುವ ಮನುಷ್ಯ, ಸ್ವಂತ ಅಪ್ಪನ ಎಂಜಿನ್ನನ್ನು ಬಿಚ್ಚದೆ ಕೊಟ್ಟುಬಿಡೋಣ ಅನ್ನುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಕಳ್ಳ ಅಂದೇ ಇರಲಿಲ್ಲ, ಇವನ ಕೈ ಆಗಲೇ ಹೆಗಲ ಮೇಲಿತ್ತು.

ನೀನು ಆಗ ಹಾಸ್ಟೆಲಿನಲ್ಲಿದ್ದೆ, ಅರ್ಧ ಕಥೆ ಕೇಳಿದ್ದೀಯ. ಪೂರ್ತಿ ಕೇಳು. ಹಳೆಯ ಕಾರುಗಳ ಮೆರವಣಿಗೆಗೆ ಅಪ್ಪ ಆ ಎಂಜಿನ್ನನ್ನು ಹೊಸದಾಗಿ ಕಟ್ಟಿದರು. ನಾನೂ ಅಣ್ಣನೂ ಜೊತೆಗೆ. ನಮ್ಮ ಗ್ಯಾರೇಜಿನ ಪದ್ಧತಿ ನಿನಗೆ ನೆನಪಿರಬೇಕು: ಬೋಲ್ಟು ಬಿಗಿ ಮಾಡಿದವರು ಅದರ ತಲೆಯ ಮೇಲೆ ಉಳಿಯಿಂದ ತಮ್ಮ ಗುರುತು ಹೊಡೆಯಬೇಕು. ಅಪ್ಪನದು ಚುಕ್ಕೆ, ಅಣ್ಣನದು ಗೀಟು, ನನ್ನದು ಕತ್ತರಿ. ಗುರುತು ಬಿತ್ತೆಂದರೆ ಆ ಬೋಲ್ಟಿನ ಹೊಣೆ ಅವರದು, ಮತ್ತೆ ಯಾರೂ ಅದಕ್ಕೆ ಸ್ಪ್ಯಾನರ್ ಹಾಕುವ ಹಾಗಿಲ್ಲ. ಒಳಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡುಗಳು ನಾಲ್ಕು. ಮುಂದಿನ ಎರಡರ ಬೋಲ್ಟು ನಾನು ಬಿಗಿ ಮಾಡಿ ಗುರುತು ಹೊಡೆದೆ. ಅಷ್ಟರಲ್ಲಿ ಅಪ್ಪ ನನ್ನನ್ನು ಎಂಜಿನ್ನಿನ ಮೇಲ್ಭಾಗಕ್ಕೆ ಹಾಕುವ ಪ್ಯಾಕಿಂಗ್ ತರಲು ಬಿಡಿಭಾಗದ ಅಂಗಡಿಗೆ ಕಳಿಸಿದರು. ವಾಪಸು ಬಂದಾಗ ಕೆಳಗಿನ ಎಣ್ಣೆ ಚೇಂಬರ್ ಮುಚ್ಚಿಯಾಗಿತ್ತು. ಅಣ್ಣ ಕೈ ಒರೆಸಿಕೊಳ್ಳುತ್ತಿದ್ದ.

ಮೆರವಣಿಗೆಯಲ್ಲಿ ಸೇತುವೆಯ ಏರು ಹತ್ತುವಾಗ ಒಳಗಿನಿಂದ ಬಂದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಕಾರು ನಿಂತಿತು. ಜನ ನಗುತ್ತಾ ತಳ್ಳಿದರು. ಅಪ್ಪ ಇಳಿದು, ಊರೆಲ್ಲ ಕೇಳುವ ಹಾಗೆ ಹೇಳಿದರು: "ರಾಡ್ ಕಳಚಿದೆ. ನನ್ನ ಮಗಳು ಬೋಲ್ಟು ಬಿಗಿ ಮಾಡೋದು ಮರೆತಿದ್ದಾಳೆ. ಹೆಣ್ಣು ಹುಡುಗಿ ಕೈಗೆ ಸ್ಪ್ಯಾನರ್ ಕೊಟ್ಟಿದ್ದು ನನ್ನ ತಪ್ಪು."

ಹಿಂದಿನ ಎರಡು ರಾಡು ನಾನು ಮುಟ್ಟಿಲ್ಲ ಅಂದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಅಣ್ಣ ನೆಲ ನೋಡಿದ. ಮಾರನೆಯ ದಿನ ನನ್ನ ಸ್ಪ್ಯಾನರುಗಳು ಅವನ ಪೆಟ್ಟಿಗೆಯಲ್ಲಿದ್ದವು. ಅಪ್ಪ ಕಾರಿಗೆ ಹೊದಿಕೆ ಎಳೆದು "ಇದನ್ನ ಯಾರೂ ಮುಟ್ಟಬೇಡಿ" ಅಂದರು. ಪಾಪ, ದುಃಖಕ್ಕೆ ಹಾಗೆ ಅಂದರು ಅಂದುಕೊಂಡೆ.

ಆ ಕಳಚಿದ ಬೋಲ್ಟು ಇವತ್ತಿಗೂ ಚೇಂಬರಿನ ತಳದಲ್ಲಿ ಬಿದ್ದಿದೆ ಗುಬ್ಬಿ. ಅದರ ತಲೆಯ ಮೇಲೆ ಗೀಟು ಇದೆ. ಕಂಪನಿಗೆ ಕೊಟ್ಟರೆ ಅಲ್ಲಿ ಯಾರೋ ಅದನ್ನು ಗುಜರಿಗೆ ಎಸೆಯುತ್ತಾರೆ, ಅಣ್ಣ ಜೀವನಪೂರ್ತಿ ಸಾಚಾ. ನಾನು ಬಿಡುವುದಿಲ್ಲ. ಎಂಜಿನ್ನನ್ನು ನಾನೇ ಬಿಚ್ಚುತ್ತೇನೆ, ಅಪ್ಪನ ಎದುರಿಗೆ, ಅವತ್ತು ನಕ್ಕ ಟ್ಯಾಕ್ಸಿಯವರನ್ನೂ ಬಿಡಿಭಾಗದ ಅಂಗಡಿಯವರನ್ನೂ ಕರೆಸಿಯೇ ಬಿಚ್ಚುತ್ತೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವನು ಕುಡಿಯುವುದನ್ನು ನಾನು ಕೂತು ನೋಡಬೇಕು.

ನಾನೊಂದು, ಅವನೊಂದು. ನಿನ್ನ ಮಾತೇ ಕೊನೆ. ಮೀನಮೇಷ ಎಣಿಸದೆ "ಬಿಚ್ಚಿ" ಅಂತ ಅಣ್ಣನಿಗೆ ಬರೆದು ಹಾಕು. ಫೋನ್ ಮಾಡಬೇಡ. ಫೋನಿನಲ್ಲಾದರೆ ನೀನು ಎಲ್ಲರನ್ನೂ ಸಮಾಧಾನ ಮಾಡಿಬಿಡುತ್ತೀಯ.

ನಿನ್ನ ಅಕ್ಕ


ಏಪ್ರಿಲ್ ೨, ಬುಧವಾರ

ಪ್ರೀತಿಯ ಗುಬ್ಬಿ,

ನೀನು ಬರೆದ ಒಂದೇ ಸಾಲು ಅಣ್ಣನಿಗೆ ತಲುಪಿತು. "ಅಕ್ಕನ ಇಷ್ಟದಂತೆ ಆಗಲಿ." ಬಹಳ ಉಪಕಾರವಾಯಿತು. ಆಮೇಲೆ ಏನಾಯಿತೆಂದು ನೀನು ಮೂರು ದಿನದಿಂದ ಫೋನಿಗೆ ಸಂದೇಶ ಕಳಿಸುತ್ತಲೇ ಇದ್ದೀಯ. ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಮೊನ್ನೆ ಭಾನುವಾರ ಬೆಳಿಗ್ಗೆ ಬಿಚ್ಚಿದೆವು. ಅತ್ತಿಗೆ ಬಂದವರಿಗೆಲ್ಲ ಚಹಾ ಕೊಡುತ್ತಾ, "ಎಂಜಿನ್ ನೋಡೋಕೆ ಬಂದಿದ್ದೀರೋ ಹೆಣ್ಣು ನೋಡೋಕೆ ಬಂದಿದ್ದೀರೋ, ಇಷ್ಟೊಂದು ಜನ!" ಅಂತ ನಗಿಸುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನಾನು ಸರಪಳಿ ರಾಟೆಯಿಂದ ಎಂಜಿನ್ ಇಳಿಸಿ ಸ್ಟ್ಯಾಂಡಿಗೆ ಕಟ್ಟಿದೆ. ಇಷ್ಟು ವರ್ಷದ ಮೇಲೆ ಆ ಗ್ಯಾರೇಜಿನಲ್ಲಿ ನನ್ನ ಕೈಗೆ ಸ್ಪ್ಯಾನರ್ ಬಂದಿತ್ತು.

ಚೇಂಬರಿಗೆ ಸ್ಪ್ಯಾನರ್ ಹಾಕುವ ಮುಂಚೆ ಅಣ್ಣ ಪಕ್ಕಕ್ಕೆ ಬಂದು ಬಗ್ಗಿದ. ಬೇರೆಯವರಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದ: "ನಾನೇ ಮಾಡಿದ್ದು ಅಂತ ಇಟ್ಕೋ. ಈಗಲೇ ಎಲ್ಲರ ಮುಂದೆ ಬೇಕಾದ್ರೂ ಹೇಳ್ತೀನಿ. ನಿನ್ನ ಕಾಲು ಹಿಡೀತೀನಿ ಕಣೇ, ಇದೊಂದು ಬಿಚ್ಚಬೇಡ."

ಎಂಥ ಸಂತೋಷವಾಯಿತು ಗೊತ್ತಾ ನನಗೆ? ಬಾಯಲ್ಲಿ ನೀರೂರುವ ಸಂತೋಷ. "ಬಾಯಿಮಾತು ಬೇಡ ಅಣ್ಣ, ಕಬ್ಬಿಣವೇ ಹೇಳಲಿ" ಅಂದು ಬಿಚ್ಚಿದೆ.

ಗಟ್ಟಿಯಾಗಿ ಕಪ್ಪಾದ ಎಣ್ಣೆಯಲ್ಲಿ ಕೈಯಾಡಿಸಿದಾಗ ಬೋಲ್ಟು ಸಿಕ್ಕಿತು. ಬಟ್ಟೆಯಿಂದ ಒರೆಸಿದೆ. ಸೀಮೆಎಣ್ಣೆಯಲ್ಲಿ ಅದ್ದಿ ಮತ್ತೆ ಒರೆಸಿದೆ. ಗೀಟು ಇರಲಿಲ್ಲ. ಚುಕ್ಕೆ ಇತ್ತು.

ನಾನು ಮೊದಲು ಅಣ್ಣನನ್ನು ನೋಡಿದೆ. ಅವನು ಅವತ್ತಿನಂತೆಯೇ ನೆಲ ನೋಡುತ್ತಿದ್ದ. ಆಮೇಲೆ ಅಪ್ಪನನ್ನು ನೋಡಿದೆ. ಗಿರಾಕಿಗಳು ಬಂದಾಗ ಮಾತಾಡುತ್ತಲೇ ಸಾಲಾಗಿ ಗುರುತು ಹೊಡೆದುಬಿಟ್ಟು, ಬಿಗಿ ಮಾಡುವುದನ್ನು ಆಮೇಲಕ್ಕೆ ಇಟ್ಟುಕೊಳ್ಳುವ ಚಾಳಿ ಅವರಿಗಿತ್ತು. ನಾವು ಮಕ್ಕಳು ಹಾಗೆ ಮಾಡಿದರೆ ಬೆರಳಿನ ಗಂಟಿಗೆ ಏಟು. ಅವತ್ತು ಆ ಗುರುತು ನೋಡಿ ಅಣ್ಣ ಚೇಂಬರ್ ಮುಚ್ಚಿದ್ದಾನೆ. ಅಪ್ಪನ ಚುಕ್ಕೆ ಬಿದ್ದ ಬೋಲ್ಟನ್ನು ಮತ್ತೆ ಪರೀಕ್ಷೆ ಮಾಡುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

"ಯಾರ ಗುರುತಮ್ಮ?" ಬಿಡಿಭಾಗದ ಅಂಗಡಿಯವರು ಕೇಳಿದರು.

ನೀನಾಗಿದ್ದರೆ ಬೋಲ್ಟನ್ನು ಜೇಬಿಗೆ ಹಾಕಿಕೊಂಡು "ಏನೂ ಕಾಣಿಸ್ತಿಲ್ಲ" ಅನ್ನುತ್ತಿದ್ದೆ. ನಿನ್ನ ಮನಸ್ಸು ಬೇರೆ, ನನ್ನದು ಬೇರೆ. ನಾನು ಹೋಗಿ ಅದನ್ನು ಅಪ್ಪನ ಅಂಗೈಯಲ್ಲಿ ಇಟ್ಟೆ. ಕಣ್ಣು ಮಂಜಾಗಿದೆ, ಹೆಬ್ಬೆರಳಿನಿಂದ ಸವರಿ ನೋಡಿದರು.

"ನೀವೇ ಹೇಳಿ ಅಪ್ಪ."

"ನಂದೇ" ಅಂದರು.

"ಕೇಳಿಸಲಿಲ್ಲ. ಅವತ್ತು ಸೇತುವೆ ಮೇಲೆ ಎಷ್ಟು ಜೋರಾಗಿ ಹೇಳಿದ್ರೋ ಅಷ್ಟೇ ಜೋರಾಗಿ ಹೇಳಿ."

ಹೇಳಿದರು ಗುಬ್ಬಿ. ಗ್ಯಾರೇಜಿನ ತಗಡಿಗೆ ಬಡಿದು ವಾಪಸು ಬರುವ ಹಾಗೆ ಹೇಳಿದರು. ಅತ್ತಿಗೆಯ ಕೈಯಲ್ಲಿದ್ದ ತಟ್ಟೆಯ ಲೋಟಗಳು ಗಲಗಲ ಅಂದವು. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಟರು.

ಆಮೇಲೆ ಅಣ್ಣನ ರಾಗವೇ ಬದಲಾಯಿತು. "ಹೇಗೂ ಬಿಚ್ಚಿದ್ದಾಯ್ತಲ್ಲ, ಇನ್ನು ನೀನೇ ಕಟ್ಟಿಬಿಡು. ಅಪ್ಪ ಇರೋವಾಗ ಅವರ ಎಂಜಿನ್ನೇ ಓಡ್ಲಿ" ಅಂತ ಬೇಡಿದ. ಅವನಿಗೆ ಮೊದಲಿನಿಂದ ಗೊತ್ತಿತ್ತಂತೆ. "ನಾನು ಬಾಯಿ ಬಿಟ್ಟಿದ್ರೆ ಅಪ್ಪನ ಹೆಸರು ಹೋಗ್ತಿತ್ತು" ಅಂದ. ನನ್ನ ಹೆಸರು ಹೋದದ್ದು ಅವನ ಲೆಕ್ಕಕ್ಕೇ ಇಲ್ಲ. ಹಾಗಾಗಿ ಅವನನ್ನೂ ನಾನು ಕ್ಷಮಿಸಿಲ್ಲ, ಆ ಕೆಲಸ ಇನ್ನೂ ಬಾಕಿ ಇದೆ.

ಅಪ್ಪನೂ ಕೇಳಿದರು. ಸಿಲಿಂಡರ್ ಗೋಡೆಯ ಮೇಲೆ ಕೈಯಾಡಿಸಿ, "ಬ್ಲಾಕ್ ಒಡೆದಿಲ್ಲ, ನೋಡು. ಒಂದು ರಾಡು, ಒಂದಿಷ್ಟು ಬೋರಿಂಗ್. ನಿನ್ನ ಕೈಗೆ ದೊಡ್ಡ ಕೆಲಸವಲ್ಲ. ನನಗೋಸ್ಕರ ಕಟ್ಟಮ್ಮ" ಅಂದರು. ಅವರು ಹೇಳಿದ್ದು ಸರಿ, ಚೆನ್ನಾಗಿ ಕಟ್ಟಬಹುದಾದ ಎಂಜಿನ್ ಅದು. ಅದನ್ನು ಕಟ್ಟಲು ನನ್ನ ಕೈ ಎಷ್ಟು ವರ್ಷ ತುರಿಸಿದೆ ಅಂತ ನನಗೇ ಗೊತ್ತು.

ಸೋಮವಾರ ಕಂಪನಿಯ ಲಾರಿ ತರಿಸಿದೆ. ಬಿಡಿ ಸಾಮಾನೆಲ್ಲ ಗೋಣಿಯಲ್ಲಿ ತುಂಬಿ, ಬ್ಲಾಕಿನ ಜೊತೆ ನಾನೇ ಏರಿಸಿದೆ. ಇನ್ನು ಅದು ವಾಪಸು ಬರುವುದಿಲ್ಲ. ರೀಕಂಡಿಷನ್ ಎಂಜಿನ್ ಬರುತ್ತದೆ, ಯಾರೋ ಕಟ್ಟಿದ್ದು. ಅದರಲ್ಲಿ ಅಪ್ಪನ ಚುಕ್ಕೆ ಇರುವುದಿಲ್ಲ, ಯಾರ ಗುರುತೂ ಇರುವುದಿಲ್ಲ. ಹೊಸ ಗ್ಯಾರೇಜಿನ ಬಾಗಿಲಲ್ಲಿ ಕಾರು ನಿಂತಾಗ ಅಪ್ಪ ಕಿವಿಗೊಟ್ಟು ಕೇಳಲಿ, ಬೇರೆಯವರ ಸದ್ದು.

ನೀನು ಕೊಟ್ಟ ಒಪ್ಪಿಗೆಯನ್ನು ತಿರುಚಿದೆ ಅನ್ನುತ್ತೀಯೇನೋ. ಅಕ್ಕನ ಇಷ್ಟದಂತೆ ಆಗಲಿ ಅಂದವಳು ನೀನೇ. ಮಗಳಿಗೆ ನನ್ನ ಪರವಾಗಿ ಮುತ್ತು ಕೊಡು. ಅವಳ ಕೈಗೆ ಅವಳು ಕೇಳಿದ್ದನ್ನೆಲ್ಲ ಕೊಡು, ಕೊಟ್ಟಮೇಲೆ ಕಿತ್ತುಕೊಳ್ಳಬೇಡ. ನೂರು ವರ್ಷ ಬಾಳಲಿ.

ನಿನ್ನ ಅಕ್ಕ

ಕಾಗದ ಮಡಿಸಿದ ಮೇಲೆ ಬರೆದದ್ದು:

ಇದನ್ನು ಬರೆಯಬಾರದು ಅಂತಲೇ ಇದ್ದೆ. ಲಾರಿ ಹೋದಮೇಲೆ ಅಪ್ಪನನ್ನು ಕೇಳಿದೆ, ಅಣ್ಣನ ಮೇಲೂ ಹಾಕಬಹುದಿತ್ತಲ್ಲ, ನನ್ನ ಮೇಲೇ ಯಾಕೆ ಹಾಕಿದಿರಿ ಅಂತ. "ನೀನು ಇವತ್ತಲ್ಲ ನಾಳೆ ಮದುವೆಯಾಗಿ ಹೋಗೋಳು. ಅಪವಾದ ನಿನ್ನ ಜೊತೆ ಆಚೆ ಹೋಗುತ್ತೆ ಅಂದ್ಕೊಂಡೆ. ಅವನ ಮೇಲೆ ಹಾಕಿದ್ರೆ ಗ್ಯಾರೇಜಲ್ಲೇ ಉಳೀತಿತ್ತು" ಅಂದರು. ಅಳಲಿಲ್ಲ, ಕ್ಷಮಿಸು ಅನ್ನಲಿಲ್ಲ. ಇದು ನನಗೆ ಅರ್ಥವಾಗುತ್ತದೆ ಅನ್ನುವ ಹಾಗೆ ಹೇಳಿದರು. ನಾನು ಎಲ್ಲಿಗೂ ಹೋಗಲಿಲ್ಲ ಗುಬ್ಬಿ. ಎರಡು ಬೀದಿ ಆಚೆ ಬಾಡಿಗೆ ಮನೆ ಮಾಡಿಕೊಂಡು, ದಿನಾ ಅವರಿಗೆ ಮಾತ್ರೆ ಕೊಡಲು ಬರುತ್ತಿದ್ದವಳು ನಾನೇ. ಅಪ್ಪ ನನ್ನನ್ನು ನಂಬಲಿಲ್ಲ ಅನ್ನುವ ನೋವಿಗೆ ನಾನು ಒಗ್ಗಿಹೋಗಿದ್ದೆ. ಅವರು ನಂಬಿದ್ದರು. ನನ್ನ ಕೆಲಸದಲ್ಲಿ ತಪ್ಪಿಲ್ಲ ಅಂತ ಸೇತುವೆಯ ಮೇಲೆ ನಿಂತಾಗಲೇ ಅವರಿಗೆ ಗೊತ್ತಿತ್ತು. ಇದಕ್ಕೆ ಹೇಗೆ ಒಗ್ಗಿಕೊಳ್ಳಲಿ?

ಸೋಮವಾರದಿಂದ ನಾನು ಆ ಮನೆಗೆ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ಅತ್ತಿಗೆಗೆ ಫೋನ್ ಮಾಡಿ ಹೇಳು, ಬಿಳಿ ಮಾತ್ರೆ ಊಟಕ್ಕೆ ಮುಂಚೆ, ಹಳದಿಯದು ಆಮೇಲೆ. ಬರೀ ಹೊಟ್ಟೆಗೆ ಹಳದಿ ಕೊಟ್ಟರೆ ಅವರಿಗೆ ತಲೆ ಸುತ್ತುತ್ತದೆ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ.