ದೋಣಿ ಕಂಡವನ ಬಾಯಿ

ಆಗಸ್ಟ್ ೧೪, ಬುಧವಾರ. ಸುರಬಾಯಾ

ಮೂವರನ್ನೂ ತೂತು ದೋಣಿಯಲ್ಲಿ ಕೂರಿಸಿ ನಡುಗಡಲಿಗೆ ಬಿಡಬೇಕು.

ಕ್ಯಾಪ್ಟನ್ ಸುದರ್ಮಾಜಿ ಇವತ್ತು ನಮ್ಮ ತರಬೇತಿ ಕೋಣೆಯ ಪರದೆಯ ಮೇಲೆ ಅಣಕು ಫೆರಿ ನಡೆಸುತ್ತಾ ಒಂದು ಮೀನುದೋಣಿಯ ಮೇಲೆ ಹತ್ತಿಸಿದ. ಅವನ ನೋಟ ಎಲ್ಲೆಲ್ಲಿ ಹೋಯಿತು ಅಂತ ನಾನು ಹಾಕಿಸಿದ್ದ ಕನ್ನಡಕದಲ್ಲಿ ದಾಖಲಾಗಿದೆ. ದೋಣಿಯ ಮೇಲೂ ಕಣ್ಣು ಬಿದ್ದಿತ್ತು, ಮನಸ್ಸು ಬಿದ್ದಿರಲಿಲ್ಲ. ಎಂಥಾ ನುರಿತವರಿಗೂ ಹಾಗಾಗುತ್ತದೆ, ಅದಿರಲಿ. ಪಕ್ಕದಲ್ಲಿ ನಿಂತಿದ್ದ ಅವನ ಕೈಕೆಳಗಿನ ಅಧಿಕಾರಿ ವಿರಾತ್ನೋಗೆ ದೋಣಿ ಕಂಡಿತ್ತಲ್ಲ. ಕಂಡವನು ಹೇಳಿದ್ದೇನು?

"ಈ ಸಲ ಮೀನು ಚೆನ್ನಾಗಿ ಬಿದ್ದಿರಬೇಕು, ಅಲ್ವಾ ಪಾಕ್?" ಸಾರ್ ಅನ್ನೋ ಹಾಗೆ 'ಪಾಕ್' ಅಂತ ಬೇರೆ ಸೇರಿಸಿದ.

"ಹೂಂ, ಬಿದ್ದಿರುತ್ತೆ" ಅಂದ ಕ್ಯಾಪ್ಟನ್. ಅಷ್ಟರಲ್ಲಿ ದೋಣಿ ಫೆರಿಯ ಅಡಿಗೆ ಹೋಯಿತು.

"ಎದುರಿಗೆ ದೋಣಿ ಇದೆ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?" ಅಂತ ಆಮೇಲೆ ವಿರಾತ್ನೋನನ್ನ ಕೇಳಿದೆ.

"ಹಿರಿಯರಿಗೆ ಹಾಗೆಲ್ಲ ಹೇಗೆ ಹೇಳೋದು, ಬು? ಸೂಚನೆ ಕೊಟ್ನಲ್ಲ" ಅಂದ, ಮೇಡಂ ಅನ್ನೋ ಹಾಗೆ 'ಬು' ಅನ್ನುತ್ತಲೇ, ನಾನೇ ಮರ್ಯಾದೆ ಗೊತ್ತಿಲ್ಲದವಳು ಅನ್ನೋ ಹಾಗೆ. ಕ್ಯಾಪ್ಟನ್ ನಗುತ್ತಾ, "ನಿಮ್ಮ ಪರದೆನೇ ಮಂಜು ಮಂಜು" ಅಂದ.

ಸಂಜೆ ನಮ್ಮ ಮುಖ್ಯಸ್ಥ ಹೆಂದ್ರಾರ್ತೋ ನನ್ನ ವರದಿಯಿಂದ ವಿರಾತ್ನೋನ ಮಾತನ್ನೇ ತೆಗೆಸಿದ. "ಪರದೆ ಸರಿ ಇರ್ಲಿಲ್ಲ ಅಂತ ಬರಿಯಮ್ಮ. ಕ್ಯಾಪ್ಟನ್ ಮರ್ಯಾದೆನೂ ನೋಡ್ಬೇಕಲ್ವಾ."

ನಾಳೆ ಅದೇ ಇಬ್ಬರು ಮದುರಾ ಜಲಸಂಧಿಯಲ್ಲಿ ಜನ ತುಂಬಿದ ನಿಜವಾದ ಫೆರಿ ನಡೆಸುತ್ತಾರೆ. ಯಾರಾದರೂ ಸತ್ತರೆ ಆ ಪಾಪ ನಿನ್ನದೇ ಅಂತ ಹೆಂದ್ರಾರ್ತೋಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡೋಣ ಅಂತ ಬಾಯಿ ತೆರೆದೆ.

"ನಾಳೆ ಜಲಸಂಧಿಯಲ್ಲಿ ದೋಣಿಗಳು ಜಾಸ್ತಿ ಇರುತ್ವೇನೋ, ಪಾಕ್."

"ಹೂಂ, ಇರುತ್ವೆ" ಅಂದ.