ತಬಲಾ ಚಂದಪ್ಪನ ನೋಟ

ಬಾದಾಮಿ,
ಶುಕ್ರವಾರ, ೯ ಡಿಸೆಂಬರ ೧೯೫೫

ಹುನಗುಂದದಲ್ಲಿರುವ ನಮ್ಮ ಮನೆಯವರಿಗೆ ಅನಸೂಯೆಯ ನಮಸ್ಕಾರಗಳು.

ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಅವ್ವನ ಕೈಯಿಂದ ಬರೆಸಿದ್ದೇನೆ. ಗಂಡನ ಹೆಸರು ಬರೆಯಲು ಅಂಜುವವಳು ಮಂದಿಯ ಮುಂದೆ ಹಾಡಲು ಅಂಜುವುದಿಲ್ಲವೇ ಎಂದು ನೀವು ನಗಬಹುದು. ನಗಿರಿ. ಆದರೆ ಕಡೆಯವರೆಗೆ ಓದಿರಿ.

ದೀಪಾವಳಿಯ ಮುಂದೆ ಹುನಗುಂದದ ಸಾಲೆಗೆ ವರ್ಗ ಮಾಡಿಸಿಕೊಂಡು ಹೋಗುವಾಗ, ಚಂದಪ್ಪನ ತಬಲಾ ಬಿಟ್ಟ ದಿನ ನನ್ನನ್ನು ಕರೆಸಿಕೊಳ್ಳುವುದಾಗಿ ಹೇಳಿದ್ದಿರಿ. ಹಾಡಿನುದ್ದಕ್ಕೂ ಅವನು ನನ್ನ ಬಾಯಿಯನ್ನೇ ನೋಡುತ್ತಾನೆಂಬುದು ನಿಮ್ಮ ದೂರು. ನಾನು ಅಲ್ಲವೆಂದು ಜಗಳವಾಡಿದೆ. ಖರೆ ಹೇಳಬೇಕೆಂದರೆ, ನೀವು ಹೇಳುವ ಮೊದಲೇ ಅದು ನನ್ನ ಕಣ್ಣಿಗೆ ಬಿದ್ದಿತ್ತು.

ಚಂದಪ್ಪ ಕಾಕಾ ನನ್ನ ತಂದೆಯ ಕೀರ್ತನೆಗಳಿಗೆ ತಬಲಾ ನುಡಿಸಿದವರು. ತಂದೆ ತೀರಿದ ಮೇಲೆ ನನ್ನ ಜೊತೆಗೆ ಬಂದರು. ಮೊದಲೆಲ್ಲ ಕತ್ತು ವಾಲಿಸಿ, ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು. ಹೋದ ವರ್ಷದ ಮಳೆಗಾಲದಿಂದ ಕಣ್ಣು ತೆರೆದೇ ಇರತೊಡಗಿದವು, ಅದೂ ನನ್ನ ತುಟಿಯ ಮೇಲೆ, ಇಲಿಯ ಬಿಲದ ಮುಂದೆ ಕೂತ ಬೆಕ್ಕಿನ ಹಾಗೆ. ಎಲೆಯಡಿಕೆಯ ರಸ ಹತ್ತಿದೆಯೇನೋ ಎಂದು ನಾನು ತುಟಿ ಒರೆಸಿಕೊಂಡದ್ದುಂಟು. ಬಾಗಲಕೋಟೆಯಲ್ಲಿ ಮುಂದೆ ಕೂತ ಹೆಣ್ಣುಮಕ್ಕಳು ಅದನ್ನು ನೋಡಿ ಮೊಣಕೈಯಿಂದ ತಿವಿದುಕೊಂಡು ನಕ್ಕರು. ಕೂಸಿದ್ದಾಗ ನನ್ನನ್ನು ಎತ್ತಿ ಆಡಿಸಿದ ಮನುಷ್ಯ ಹೀಗೆ ನೋಡುವುದೇ?

ಇನ್ನೊಂದು ಅನುಮಾನವೂ ಇತ್ತು. ಅದು ನಿಮ್ಮ ಮೇಲಿನದು. ನೀವು ಊರು ಬಿಟ್ಟ ದಿನ ಬಸ್ ನಿಲ್ಲುವಲ್ಲಿ ಕಾಕಾನನ್ನು ಬದಿಗೆ ಕರೆದು ಮಾತಾಡಿಸಿದಿರಿ. ನಾನು ಟ್ರಂಕಿನ ಹತ್ತಿರ ನಿಂತಿದ್ದೆ. ನಿಮ್ಮ ಮಾತು ಕೇಳಿಸಲಿಲ್ಲ. ನಿಮ್ಮ ಬೆನ್ನು, ಅವರ ಮುಖ ಕಂಡವು. ಅವರು ನಗುನಗುತ್ತ, “ಆಗಲಿರಿ ಮಾಸ್ತರ, ಆಗಲಿರಿ” ಎಂದು ತಲೆಯಾಡಿಸುತ್ತಿದ್ದರು. ನೀವು ತಿರುಗಿ ಬಂದು, “ಮಾನಗೇಡಿ ಅದಾನ, ನಾ ಬೈದ್ರ ಹಲ್ಲ ಕಿಸೀತಾನ” ಎಂದಿರಿ. ನಾನು ನಂಬಲಿಲ್ಲ. ಬೈಸಿಕೊಂಡವರು ಹಾಗೆ ನಗುತ್ತಾರೆಯೇ? ನನ್ನ ಮೇಲೆ ಕಣ್ಣಿಡಲು ನೀವೇ ಅವರಿಗೆ ಹೇಳಿ ಹೋದಿರಿ, ನಾನು ಯಾರ ಕಡೆ ನೋಡಿದೆ, ಯಾರೊಡನೆ ನಕ್ಕೆ ಎಂಬುದೆಲ್ಲ ಹುನಗುಂದಕ್ಕೆ ಮುಟ್ಟುತ್ತಿದೆ ಎಂದೇ ತಿಳಿದೆ. ಆಮೇಲೆ ಹಾಡಲು ಕೂತರೆ ನನಗೆ ಒಂದು ಬದಿಗೆ ತಂಬೂರಿ, ಇನ್ನೊಂದು ಬದಿಗೆ ಪೊಲೀಸ.

ಹೋದ ವಾರ ಗುಳೇದಗುಡ್ಡದಲ್ಲಿ ಕುಪ್ಪಸದ ಖಣದ ವ್ಯಾಪಾರಿ ಅಂದಪ್ಪನವರ ಮನೆಯಲ್ಲಿ ಹಾಡಿನ ಬೈಠಕ್ ಇತ್ತು. ಸಂಜೆಯ ಪೂರಿಯಾ ರಾಗ ಹಿಡಿದೆ. ಮತ್ತೆ ಅದೇ ನೋಟ. ಸಿಟ್ಟು ತಡೆಯಲಿಲ್ಲ, ಕೆಮ್ಮು ಬಂದವಳ ಹಾಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಾಡಿದೆ. ಈಗೇನು ನೋಡುತ್ತೀ ನೋಡು ಎಂದು.

ನೀವು ಸಂಗೀತ ಕಲಿತವರಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ತಾಳ ಒಂದು ಸುತ್ತು ಹಾಕಿ ಮೊದಲ ಪೆಟ್ಟಿಗೆ ಬಂದು ಮುಟ್ಟುವ ಜಾಗಕ್ಕೆ ಸಮ್ ಎನ್ನುತ್ತಾರೆ. ಹಾಡುವವರು, ನುಡಿಸುವವರು ಎಲ್ಲಿ ಅಲೆದರೂ ಅಲ್ಲಿ ಕೂಡಲೇಬೇಕು. ನಾನು ಅಲ್ಲಿಗೆ ಬಂದೆ. ಕಾಕಾ ಬರಲಿಲ್ಲ. ಮುಂದಿನ ಸುತ್ತಿನಲ್ಲಿಯೂ ಬರಲಿಲ್ಲ. ಸಂತೆಯಲ್ಲಿ ಕೈತಪ್ಪಿದ ಕೂಸಿನ ಹಾಗೆ ಅವರ ಕಣ್ಣು ನನ್ನ ಸೆರಗಿನ ಮೇಲೆಲ್ಲ ಹುಡುಕಾಡಿದವು. ಮಂದಿ ಗುಸುಗುಸು ಎಂದರು. ಅಂದಪ್ಪನವರು ತಲೆ ತಗ್ಗಿಸಿದರು. ನನ್ನ ಹಾಡನ್ನು ಬೇಕಂತಲೇ ಕೆಡಿಸಿದರು, ಇದೂ ನಿಮ್ಮ ಮಾತಿನಂತೆಯೇ ನಡೆದದ್ದು ಎಂದು ನಾನು ಹಲ್ಲು ಕಚ್ಚಿ ಮುಗಿಸಿದೆ.

ಮರುದಿನ ಮುಂಜಾನೆ ಚೊಳಚಗುಡ್ಡಕ್ಕೆ, ಕಾಕಾನ ಮನೆಗೆ ಹೋದೆ, ಇನ್ನು ನನ್ನ ಜೊತೆ ಬರಬೇಡಿರಿ ಎಂದು ಮುಖದ ಮೇಲೆ ಹೇಳಲಿಕ್ಕೆ. ಕಾಕಾ ಅಂಗಳದಲ್ಲಿ ನನಗೆ ಬೆನ್ನು ಮಾಡಿ ಶೇಂಗಾ ಸುಲಿಯುತ್ತಿದ್ದರು. ಅವರ ಹೆಂಡತಿ ಗುರುಲಿಂಗವ್ವ ತಬಲಾ ತೊಡೆಯ ಮೇಲಿಟ್ಟುಕೊಂಡು, ಹಾರ್ಮೋನಿಯಂ ಪೇಟಿಯ ಒಂದು ಸ್ವರ ಒತ್ತಿ, ಸಣ್ಣ ಸುತ್ತಿಗೆಯಿಂದ ಅಂಚು ಬಡಿದು ಶ್ರುತಿ ಕೂಡಿಸುತ್ತಿದ್ದಳು. ನಾನು “ಕಾಕಾ” ಎಂದು ಕೂಗಿದೆ. ಇನ್ನೂ ಜೋರಾಗಿ ಕೂಗಿದೆ. ಗುರುಲಿಂಗವ್ವ ಬೆಚ್ಚಿದಳು, ಅವಳ ಕೈಯ ಸುತ್ತಿಗೆ ಹಿತ್ತಾಳೆಯ ಕೊಡದ ಮೇಲೆ ಬಿದ್ದು ಠಣ್ ಎಂದಿತು. ಕಾಕಾ ತಿರುಗಲಿಲ್ಲ. ಶೇಂಗಾ ಸುಲಿಯುತ್ತಲೇ ಇದ್ದರು.



ಗುರುಲಿಂಗವ್ವ ನನ್ನನ್ನು ಹಿತ್ತಲಿಗೆ ಕರೆದೊಯ್ದು ಕೈ ಹಿಡಿದುಕೊಂಡಳು. “ಹ್ವಾದ ವರ್ಷ ವಿಷಮಜ್ವರಾ ಬಂದಿತ್ತಲ್ಲರಿ ಬಾಯಾರ, ಜ್ವರಾ ಹೋತು, ಹೋಗುವಾಗ ಕಿವಿ ತಗೊಂಡ ಹೋತು. ನೀವು ಹಾಡೂವೆಲ್ಲಾ ಅವರಿಗೆ ಬಾಯಿಪಾಠ. ತುಟಿ ನೋಡಿದ್ರ ಎಲ್ಲಿ ಬಂದೀರಿ ಅಂತ ತಿಳೀತದ. ಉಳಿದ ಮಂದಿ ಮಾತ ಒಂದೂ ತಿಳ್ಯಂಗಿಲ್ಲ. ಯಾರ ಏನಂದ್ರೂ ನಕ್ಕೋತ ಆಗಲಿರಿ ಅಂತಾರ.”

ನೀವು ಬೈದಾಗಲೂ ಅವರು ಹಾಗೆಯೇ ಅಂದದ್ದು. ಒಂದು ಮಾತೂ ಅವರಿಗೆ ಮುಟ್ಟಿರಲಿಲ್ಲ.

ಮಂದಿ ಅವರ ನೋಟಕ್ಕೆ ಏನರ್ಥ ಹಚ್ಚಿದ್ದಾರೆ, ಅದು ಅವರಿಗೆ ಗೊತ್ತೇ ಎಂದು ಕೇಳಿದೆ. ಕೈಸನ್ನೆ ಮಾಡಿ ಎಲ್ಲವನ್ನೂ ತಿಳಿಸಿದ್ದಾಳಂತೆ. ಅದಕ್ಕೆ ಕಾಕಾ ಅಂದದ್ದಿಷ್ಟು: “ಕೆಟ್ಟಾಂವ ಅಂದ್ರ ಮಂದಿ ನಾಕ ದಿನಾ ಬೈದು ಬಿಡ್ತಾರ. ಕಿವುಡ ಅಂದ್ರ ತಬಲಾಕ್ಕ ಯಾರ ಕರೀತಾರ?” ಇದನ್ನು ಹೇಳುವಾಗ ಗುರುಲಿಂಗವ್ವನ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕಣ್ಣಲ್ಲಿತ್ತು.

ಅಂಗಳಕ್ಕೆ ಬಂದಾಗ ಕಾಕಾ ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತರು. ಗುಳೇದಗುಡ್ಡದ ಮಾತು ನಾನು ತೆಗೆಯಲಿಲ್ಲ. ಮುಂದಿನ ಬೈಠಕ್ ಇಳಕಲ್ಲಿನಲ್ಲಿ, ಅಲ್ಲಿಗೆ ಬರಬೇಕು ಎಂದು ತುಟಿಯನ್ನು ನಿಧಾನವಾಗಿ ಆಡಿಸಿ ಹೇಳಿದೆ. “ಆಗಲಿ” ಎಂದರು.

ಇದನ್ನು ಓದುವಾಗ ನಿಮಗೆ ಏನನಿಸುತ್ತದೆಂದು ನಾನು ಬಲ್ಲೆ. ಗಂಡನನ್ನು ಒಪ್ಪಿಸಲು ಕಟ್ಟಿದ ಕಥೆ ಎನ್ನುತ್ತೀರಿ. ಬೇಕಾದರೆ ಬಂದು ಅವರ ಬೆನ್ನ ಹಿಂದೆ ನಿಂತು ಕರೆದು ನೋಡಿರಿ. ಆದರೆ ನನಗೂ ನಿಮ್ಮ ಮೇಲೆ ಒಂದು ಅನುಮಾನ ಉಳಿದಿದೆ. ಹೆಂಡತಿಯ ಮಾನ ಉಳಿಸಲೆಂದು ನೀವು ಕಾಕಾನ ಕಿವಿಯ ಸುದ್ದಿಯನ್ನು ನಾಲ್ಕು ಮಂದಿಗೆ ಹೇಳಿಬಿಡುತ್ತೀರೇನೋ ಎಂದು. ಹಾಗೆ ಉಳಿಯುವ ಮಾನ ನನಗೆ ಬೇಡ. ಅದು ಅವರ ರೊಟ್ಟಿ ಕಸಿದು ತಂದದ್ದಾಗುತ್ತದೆ.

ನಾನು ಅವರನ್ನು ಬಿಡುವುದಿಲ್ಲ. ಇನ್ನು ಮೇಲೆ ಬದಿಗೆ ಕೂಡಿಸದೆ ಎದುರಿಗೇ ಕೂಡಿಸಿಕೊಳ್ಳುತ್ತೇನೆ, ನನ್ನ ಬಾಯಿ ಅವರಿಗೆ ನೆಟ್ಟಗೆ ಕಾಣುವಂತೆ. ಮಂದಿ ಇನ್ನಷ್ಟು ಆಡಿಕೊಳ್ಳುತ್ತಾರೆ. ಅವರಿಗೆ ನಾನು ಉತ್ತರ ಕೊಡುವಂತಿಲ್ಲ. ನಿಮಗೊಬ್ಬರಿಗೆ ಕೊಟ್ಟಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿಮ್ಮ ಉತ್ತರದ ದಾರಿ ನೋಡುವ,
ಅನಸೂಯಾ

ತಾ.ಕ.: ಇಳಕಲ್, ಸೋಮವಾರ. ಧೈರ್ಯ ಸಾಲದೆ ಪತ್ರವನ್ನು ಬಾದಾಮಿಯಲ್ಲಿ ಹಾಕಲಿಲ್ಲ, ಇಲ್ಲಿಗೆ ತಂದೆ. ನಿನ್ನೆ ಬೈಠಕ್ ಆಯಿತು. ಹುನಗುಂದ ಇಲ್ಲಿಗೆ ಹತ್ತಿರ. ಸುದ್ದಿ ಇದಕ್ಕಿಂತ ಮೊದಲೇ ನಿಮ್ಮನ್ನು ಮುಟ್ಟಬಹುದು. ಕಾಕಾನನ್ನು ಎದುರಿಗೆ ಕೂಡಿಸಿಕೊಂಡು, ಅವರ ಮುಖ ನೋಡುತ್ತಲೇ ಹಾಡಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕದ್ದು ನನಗೆ ಕೇಳಿಸಿತು. ಒಂದು ಸಮ್ಮೂ ತಪ್ಪಲಿಲ್ಲ. ಮಂದಿ ಎದ್ದು ಹೋದ ಮೇಲೆ ಅವರು ತಬಲಾಕ್ಕೆ ಗವಸು ಹಾಕುತ್ತ, ಸುತ್ತಲೂ ಒಮ್ಮೆ ನೋಡಿ, “ಅನಸೂಯವ್ವಾ, ತಬಲಾ ಸುರಕ್ಕ ಇತ್ತೇನವಾ?” ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಈ ಮಾತನ್ನು ಯಾರಿಗೂ ಕೇಳಿದವರಲ್ಲ. ಇತ್ತು ಎಂದು ತಲೆಯಾಡಿಸಿದೆ. ಇರಲಿಲ್ಲ, ಕಡೆಗೆ ಶ್ರುತಿ ತುಸು ಇಳಿದಿತ್ತು. ಪರಪುರುಷನೊಡನೆ ನನಗಿರುವ ಗುಟ್ಟು ಅದೊಂದೇ. ಅದನ್ನೂ ನಿಮಗೆ ಬರೆದಿದ್ದೇನೆ.