ಕಟ್ಟಿ ಕೆಳಗಿನ ಗಟಾರ

ಶಹಾಬಾದ, ಹಳೇ ಬಜಾರ ಓಣಿ
ಗುರುವಾರ, ೨೭ ಮೇ ೧೯೫೪

ಮನೀ ಯಜಮಾನರಿಗೆ ನಿಮ್ಮ ಅಮೃತಮ್ಮ ಮಾಡುವ ಶರಣು ಶರಣಾರ್ಥಿ.

ನಿಮ್ಮ ತಬಿಯತ್ ಹ್ಯಾಂಗದ? ಕೆಮ್ಮು ಕಮ್ಮಿ ಆಗ್ಯದೋ ಇಲ್ಲೋ? ನಮ್ಮಣ್ಣ ಗುರುಲಿಂಗಪ್ಪ ದವಾಖಾನಿಗೆ ಬಂದು ನಿಮ್ಮನ್ನ ನೋಡಿ ಹೋದ ಮ್ಯಾಲ ನನಗ ಎಲ್ಲಾ ಹೇಳ್ಯಾನ. ಡಾಕ್ಟರು ತತ್ತಿ ತಿನ್ರಿ ಅಂದ್ರ ನೀವು ಮಾರಿ ತಿರುವಿದ್ರಂತ. ತತ್ತಿ ಬ್ಯಾಡಾದ್ರ ಬಿಡ್ರಿ, ಹಾಲರೆ ಬಿಡಬ್ಯಾಡ್ರಿ. ದುಕಾನಿನ ಫಿಕರ್ ಮಾಡಬ್ಯಾಡ್ರಿ, ನಾ ಕುಂದ್ರಾಕತ್ತೀನಿ, ಗಿರಾಕಿ ಬರ್ತಾರ. ನಾ ಅರಾಮ ಇದ್ದೀನಿ. ಕುಂತಲ್ಲಿ ಕುಂದ್ರಾಕ ಆಗವಲ್ದು, ಅಷ್ಟ. ಮನಸ್ಸಿಗೆ ತ್ರಾಸ ಆಗೋದು ಏನೂ ಬರೀಬ್ಯಾಡಂತ ಡಾಕ್ಟರು ಅಣ್ಣನ ಕಡಿ ಹೇಳಿ ಕಳಿಸ್ಯಾರ. ಅದಕ್ಕ ಮೂರು ದಿನದಿಂದ ಈ ಕಾಗದಾ ತೆಗೀತೀನಿ, ಮತ್ತ ಮಡಚಿ ಇಡ್ತೀನಿ. ಖರೆ, ಇದನ್ನ ನಿಮಗಲ್ಲದ ಯಾರಿಗೆ ಹೇಳ್ಲಿ?

ಹೋದ ವರ್ಷ ಶ್ರಾವಣದಾಗ ಓಣ್ಯಾಗ ನೀರು ಹೊಕ್ಕಿದ್ದು ನಿಮಗ ನೆಪ್ಪದಲ್ಲ. ಎದುರು ಮನಿ ಶೌಕತ ಅಲಿಯವರ ಗ್ವಾಡಿ ಕುಸಿದಾಗ ಅವರ ತಾಯಿ ಜೈತುನ್ಬೀನ್ನ ಕೆಸರಿನ್ಯಾಗಿಂದ ಎತ್ತಿಕೊಂಡು ಬಂದವರು ನೀವು. ಆ ಮುದುಕಿ ಟೊಂಕದ ಎಲುಬು ಇನ್ನೂ ಕೂಡಿಲ್ಲ. ಊಟಾ, ನಮಾಜ ಎಲ್ಲಾ ಹೊರಸಿನ ಮ್ಯಾಲೇ. ನೀವು ದವಾಖಾನಿಗೆ ಹೋದ ಮ್ಯಾಲ ಓಣಿಯವರೆಲ್ಲಾ ಕೂಡಿ ಟೌನ ಕಮಿಟಿಗೆ ಅರ್ಜಿ ಕೊಟ್ಟರು, ಗಟಾರ ಅಗಲ ಮಾಡಿ ಊರ ಹೊರಗಿನ ಹಳ್ಳದತನಕ ಫರಸಿ ಕಲ್ಲು ಹಾಸಬೇಕಂತ. ಕಮಿಟಿಯವರು, ಅರ್ಧಾ ಖರ್ಚು ನಾವು ಕೊಡ್ತೀವಿ, ಅರ್ಧಾ ನೀವು ಹಾಕ್ರಿ, ಮಿರಗಾ ಮಳಿ ಹೊಕ್ಕೋದರಾಗ ಕೆಲಸ ಸುರು ಆಗಬೇಕು, ಇಲ್ಲಂದ್ರ ರೊಕ್ಕ ಬ್ಯಾರೆ ಓಣಿಗೆ ಹೋಗ್ತದ ಅಂತ ಹೇಳಿದರು.

ಚಂದಾ ಎತ್ತಾಕ ನಾನೂ ಶೌಕತ ಅಲಿಯವರ ಹೆಂಡತಿ ಖುರ್ಷಿದಬೇಗಂನೂ ಮನಿ ಮನಿ ತಿರಗಿದೆವು. ನಗಬ್ಯಾಡ್ರಿ, ನಾನೂ ತಿರಗೀನಿ. ಮ್ಯಾಲಿನ ಓಣ್ಯಾಗ ಒಬ್ಬಾಕಿ, 'ನಮ್ಮ ಬಾಗಿಲಿಗೆ ನೀರೇ ಬರಂಗಿಲ್ಲ, ನಾವ್ಯಾಕ ಕೊಡೋಣು' ಅಂದಳು. ಖುರ್ಷಿದ ಬಿಡಲಿಲ್ಲ. 'ನಿಮ್ಮ ಅಂಗಳದಾಗ ಬಿದ್ದ ನೀರೇ ಇಳದು ಬಂದು ನಮ್ಮ ಮನ್ಯಾಗ ಮಲಗ್ತದ ಬಾಯಿ, ಅದರ ಬಾಡಿಗಿ ಆದ್ರೂ ಕೊಡ್ರಿ' ಅಂದಳು. ಮಾರನೇ ದಿನ ಆ ಮನಿಯಿಂದ ಹತ್ತು ರೂಪಾಯಿ ಬಂತು. ಕಲ್ಲಿನ ಖಣಿ ಅಂಬರಾಯ ಫರಸಿ ಪುಕ್ಕಟ ಕೊಡ್ತೀನಂದ. ಎಲ್ಲಾ ಕೂಡಿ ಬಂತು ಅಂದ್ಕೊಂಡೆವು.

ಸೋಮವಾರ ಕಮಿಟಿ ಓವರ್ಸಿಯರ್ ಸಾಹೇಬರು ಬಂದು ಗಳ ಹಾಕಿ ಗಟಾರ ಅಳದರು. ಮ್ಯಾಲಿನಿಂದ ಮೂರು ಮೊಳ ಅಗಲ ಬಂದ ಗಟಾರ ನಮ್ಮ ದುಕಾನಿನ ಕಟ್ಟಿ ಕೆಳಗ ಬರೇ ಗೇಣಷ್ಟದ. ಅದು ಹೂಳು ಅಲ್ಲರಿ. ಮಾವನವರು ಕಟ್ಟಿ ಕಟ್ಟಿಸಿದಾಗ ಗಟಾರದಾಗ ಕಲ್ಲು ಮಣ್ಣು ತುಂಬಿಸ್ಯಾರ. ನೀರು ಅಲ್ಲಿ ತಡದು, ತಿರುಗಿ ಎದುರು ಮನಿಗೆ ಹೊಕ್ತದ. ಇಷ್ಟು ವರ್ಷ ನಾವು ಮಳಿಗೆ ಬೈಕೋತ ಬಂದೆವು. 'ಈ ದುಕಾನ ಯಾರದು?' ಅಂತ ಸಾಹೇಬರು ಕೇಳಿದರು. ನಲವತ್ತು ಮಂದಿ ನಿಂತಿದ್ರು. ನಾ ಬಾಗಿಲ ಹಿಂದ ನಿಂತು ಕೇಳಾಕತ್ತಿದ್ದೆ.

ಆಗ ಶೌಕತ ಅಲಿಯವರು ಮುಂದ ಬಂದ್ರು. 'ಸಾಹೇಬ್, ದುಕಾನದವರು ಬೀಮಾರಿ ಬಿದ್ದು ದವಾಖಾನ್ಯಾಗ ಅದಾರ. ಅವರಪ್ಪ ಕಟ್ಟಿಸಿದ್ದು ಅವರಿಲ್ಲದಾಗ ಒಡಿಯೋದು ಬ್ಯಾಡ. ಗಟಾರ ನಮ್ಮ ಅಂಗಳದಾಗಿಂದ ತಿರುವಿಕೊಂಡು ಹೋಗ್ರಿ' ಅಂದ್ರು. ಹಂಗ ಮಾಡಿದ್ರ ಅವರ ಅಡಗಿಮನಿ ಹೋಗ್ತದ, ಖರ್ಚೂ ಎರಡು ಪಟ್ಟು. ಅಷ್ಟು ರೊಕ್ಕ ಕಮಿಟ್ಯಾಗ ಇಲ್ಲ; ಕಟ್ಟಿ ಒಡಿಯಾಕ ದುಕಾನದವರ ದಸ್ಕತ್ ತರ್ರಿ, ಇಲ್ಲಂದ್ರ ಕೆಲಸ ಬಿಡ್ರಿ ಅಂತ ಹೇಳಿ ಓವರ್ಸಿಯರ್ ಹೋದರು. ಶೌಕತ ಅಲಿಯವರು ಬೈದಿದ್ರ ನಾನೂ ಎದುರು ಮಾತಾಡ್ತಿದ್ದೆ. ಅವರು ಬೈಲಿಲ್ಲ. ಅವತ್ತಿನಿಂದ ನನಗ ಕೂಳು ಇಳೀವಲ್ದು.

ಆ ಕಟ್ಟಿ ಅಂದ್ರ ನಿಮಗ ಏನಂತ ನನಗ ಗೊತ್ತು. ಮಾವನವರ ಜೀವ ಹೋದದ್ದೂ ಅದರ ಮ್ಯಾಲೇ. ಅವರು ಬೇಕಂತ ಮಾಡಿರಲಿಕ್ಕಿಲ್ಲ, ಆಗ ಓಣ್ಯಾಗ ಇಷ್ಟು ಮನಿ ಎಲ್ಲಿದ್ದವು? ಈ ಮಾತು ಹೇಳಬೇಕಂತ ಜೈತುನ್ಬೀ ಕಡಿ ಹೋದೆ. ನಾ ಸುರು ಮಾಡೋದರಾಗ ಆಕಿನೇ ನನ್ನ ಕೈ ಹಿಡದು, 'ಬೇಟಿ, ನಿನ್ನ ಗಂಡಗ ಇದನ್ನ ಬರೀಬ್ಯಾಡ. ಅವತ್ತು ನನ್ನ ಎತ್ತಿದ್ದು ಅವನ ಕೈ, ನನಗ ಅದೇ ಸಾಕು' ಅಂದಳು.

ನನಗ ಸಾಕಾಗವಲ್ದು ನೋಡ್ರಿ. ಮಿರಗಾಕ ಹನ್ನೊಂದು ದಿನ ಉಳದದ. ಈ ಪತ್ರದ ಸಂಗಾಟ ಓವರ್ಸಿಯರ್ ಕೊಟ್ಟ ಕಾಗದಾ ಇಡ್ತೀನಿ, ಕೆಳಗ ದಸ್ಕತ್ ಹಾಕಿ ಲಗೂನ ಕಳಿಸ್ರಿ. ಮನಸ್ಸು ಒಪ್ಪದಿದ್ರ ಹಂಗೇ ಬರೀರಿ. ಬಿಸಲಾಗ ತಿರಗಬ್ಯಾಡ್ರಿ. ನಿಮ್ಮ ಉಸಿರು ಗಟ್ಟಿ ಇರ್ಲಿ ಅಂತ ದಿನಾ ಲಿಂಗಪೂಜಿಗೆ ಕುಂತಾಗ ಬೇಡಾಕತ್ತೀನಿ. ಓಣಿಯವರೆಲ್ಲಾ ಶರಣು, ಸಲಾಂ ಹೇಳ್ಯಾರ.

ನಿಮ್ಮ
ಅಮೃತಮ್ಮ

ತಾ.ಕ.: ಶನಿವಾರ ಮುಂಜಾನಿ. ಟಪಾಲಿನವ ಬಾಗಿಲದಾಗ ನಿಂತಾನ. ಗುರುವಾರ ಬರದದ್ದನ್ನ ಹಾಕಲಿಲ್ಲ, ಧೈರ್ಯ ಸಾಲಲಿಲ್ಲ. ನಿನ್ನಿ ಮಧ್ಯಾಹ್ನ ಒಮ್ಮಿಂದೊಮ್ಮೆ ರೋಹಿಣಿ ಮಳಿ ಹೊಡೀತು. ನೀರು ಎದುರು ಮನಿ ಹೊಸ್ತಿಲ ದಾಟಿತು, ಮುದುಕಿ ಹೊರಸು ಎತ್ತಾಕ ಆಗದೆ ಖುರ್ಷಿದ ಒದರಾಕತ್ತಿದಳು. ನಾ ಕಬ್ಬಿಣದ ಹಾರಿ ತಗೊಂಡು ಕಟ್ಟಿ ಮೂಲಿ ಫರಸಿ ಎಬ್ಬಿಸಿದೆ. ಶೌಕತ ಅಲಿಯವರು 'ಭಾಬಿ, ಬ್ಯಾಡ' ಅಂತ ಅಡ್ಡ ನಿಂತ್ರು. 'ಬಾಜೂಕ ಸರೀರಿ, ಇಲ್ಲಾ ನೀವೂ ಹಾರಿ ಹಿಡೀರಿ' ಅಂದೆ. ಹಿಡದರು. ಆಮ್ಯಾಲ ಇಡೀ ಓಣಿ ಬಂತು. ಕತ್ತಲಾಗೋದರಾಗ ನೀರು ಹಳ್ಳದ ಹಾದಿ ಹಿಡೀತು. ಓವರ್ಸಿಯರ್ ಕಾಗದಕ್ಕ ನಾನೇ ದಸ್ಕತ್ ಹಾಕಿ ಕಮಿಟಿಗೆ ಕಳಿಸೀನಿ, ಈ ಪತ್ರದ ಸಂಗಾಟ ಹುಡುಕಬ್ಯಾಡ್ರಿ. ಕಟ್ಟಿ ಹೋಯ್ತು. ಹಲಿಗಿ ಹಾಕಿ ದುಕಾನ ಹತ್ತಾಕತ್ತೀವಿ. ಸಿಟ್ಟು ಬಂದ್ರ ಎಷ್ಟು ಬೇಕಾದ್ರೂ ಬೈದು ಬರೀರಿ. ಬರೀದೆ ಮಾತ್ರ ಇರಬ್ಯಾಡ್ರಿ.